ತಾಲ್ಲೂಕು ಊರುಗಳಲ್ಲಿ ಹೊಸ ಉದ್ಯಮಗಳಿಗೆ ಹಂಚಿಕೆಯ ಕಚೇರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದ ಗ್ರಾಮೀಣ ಭಾಗದಲ್ಲಿ ಉದ್ಯಮ ಆರಂಭಿಸುತ್ತಿರುವವರು ಮತ್ತು ಅವರಿಗೆ ಜಾಗ ಒದಗಿಸಲು ಯೋಚಿಸುತ್ತಿರುವ ಕಟ್ಟಡ ಮಾಲೀಕರು, ಸಹಕಾರ ಸಂಘದ ನಿರ್ದೇಶಕರು, ಪಂಚಾಯಿತಿ ಸದಸ್ಯರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಗಂಟೆ, ದಿನ ಅಥವಾ ತಿಂಗಳ ಲೆಕ್ಕದಲ್ಲಿ, ದೊಡ್ಡ ಮೊತ್ತದ ಅಡ್ವಾನ್ಸ್ ಇಲ್ಲದೆ, ಹಲವರು ಒಂದೇ ಸೂರಿನಡಿ ಬಳಸುವ ಕಚೇರಿಯನ್ನು ಇಲ್ಲಿ ಹಂಚಿಕೆಯ ಕಚೇರಿ ಎಂದು ಕರೆಯಲಾಗಿದೆ. ನಗರಗಳಲ್ಲಿ ಇದಕ್ಕೆ ಕೋ-ವರ್ಕಿಂಗ್ ಎಂಬ ಹೆಸರು ಬಳಕೆಯಲ್ಲಿದೆ.

ಹಳ್ಳಿಗಾಡಿನಲ್ಲಿ ಇಂಥ ಜಾಗಕ್ಕೆ ನಿಜವಾಗಿಯೂ ಬೇಡಿಕೆ ಇದೆಯೇ?

ಇದೆ, ಆದರೆ ಬೆಂಗಳೂರಿನ ಕೋರಮಂಗಲದಲ್ಲಿ ಕಾಣುವ ರೂಪದಲ್ಲಿಲ್ಲ. ಅಲ್ಲಿ ಜನ ಕುರ್ಚಿ ಮತ್ತು ಮೇಜಿಗೆ ಹಣ ಕೊಡುತ್ತಾರೆ. ಇಲ್ಲಿ ಕುರ್ಚಿ ಎಲ್ಲರ ಮನೆಯಲ್ಲೂ ಇದೆ, ಜಗಲಿಯೂ ಇದೆ. ಇಲ್ಲದಿರುವುದು ನಡುವೆ ಕಡಿಯದ ಕರೆಂಟು, ಎರಡು ಗಂಟೆಯ ವಿಡಿಯೊ ಸಭೆಯನ್ನು ತಡೆದುಕೊಳ್ಳುವ ಇಂಟರ್‌ನೆಟ್ಟು, ಬ್ಯಾಂಕಿನವರು ಮತ್ತು ತೆರಿಗೆ ಇಲಾಖೆಯವರು ಒಪ್ಪುವ ವಿಳಾಸ, ಗ್ರಾಹಕನನ್ನು ಕೂರಿಸಿ ಮಾತನಾಡಲು ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ. 2011ರ ಜನಗಣತಿಯಂತೆ ರಾಜ್ಯದ ಶೇ 61ರಷ್ಟು ಜನ ಗ್ರಾಮೀಣ ಪ್ರದೇಶದಲ್ಲಿದ್ದಾರೆ; ಅವರಲ್ಲಿ ಉದ್ಯಮಕ್ಕೆ ಇಳಿಯುವವರಿಗೆ ಈ ನಾಲ್ಕು ಸೌಕರ್ಯಗಳು ಒಂದೇ ಕಡೆ ಸಿಗುವುದು ಅಪರೂಪ. ಆದ್ದರಿಂದ ಬೇಡಿಕೆಯನ್ನು ಆಸನಗಳ ಲೆಕ್ಕದಲ್ಲಿ ಅಳೆಯಲು ಹೊರಟವರಿಗೆ ಬೇಡಿಕೆಯೇ ಇಲ್ಲವೆಂದು ಕಾಣುತ್ತದೆ, ಸೌಕರ್ಯಗಳ ಲೆಕ್ಕದಲ್ಲಿ ಅಳೆದವರಿಗೆ ಅದು ಕಾಣಸಿಗುತ್ತದೆ.

ಯಾರು ಬಳಸುತ್ತಾರೆ?

2020ರ ಲಾಕ್‌ಡೌನ್ ಸಮಯದಲ್ಲಿ ಲ್ಯಾಪ್‌ಟಾಪ್ ಹಿಡಿದು ಊರಿಗೆ ಮರಳಿದ ಸಾಫ್ಟ್‌ವೇರ್ ಉದ್ಯೋಗಿಗಳೇ ಎಲ್ಲರ ಕಣ್ಣಿಗೆ ಮೊದಲು ಬೀಳುತ್ತಾರೆ. ಮಲೆನಾಡಿನಲ್ಲಿ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದ ವಿದ್ಯಾರ್ಥಿಗಳ ಚಿತ್ರಗಳು ಆಗ ಪತ್ರಿಕೆಗಳಲ್ಲಿ ಬಂದಿದ್ದವು. ಆದರೆ ಅವರಲ್ಲಿ ಬಹುಪಾಲು ಉದ್ಯೋಗಿಗಳು ಕಂಪನಿ ಕರೆದೊಡನೆ ನಗರಕ್ಕೆ ಹಿಂತಿರುಗಿದರು. ಅವರನ್ನು ನಂಬಿ ಬಂಡವಾಳ ಹೂಡುವುದು ಸರಿಯಲ್ಲ. ಊರಲ್ಲೇ ಉಳಿಯುವ ಗ್ರಾಹಕರು ಬೇರೆ: ಟ್ಯಾಲಿ ಕಲಿತು ನಾಲ್ಕಾರು ಅಂಗಡಿಗಳ ಲೆಕ್ಕ ಬರೆಯುವವರು, ಮನೆ ನಕ್ಷೆ ಹಾಕಿಕೊಡುವ ಸಿವಿಲ್ ಎಂಜಿನಿಯರುಗಳು, ರೈತ ಉತ್ಪಾದಕ ಕಂಪನಿಯ ಸಿಇಒ ಮತ್ತು ಒಬ್ಬ ಗುಮಾಸ್ತ, ಡ್ರೋನ್‌ನಿಂದ ಔಷಧ ಸಿಂಪಡಿಸುವ ಸೇವೆ ನೀಡುವವರು, ಹೋಮ್‌ಸ್ಟೇಗಳ ಬುಕಿಂಗ್ ನೋಡಿಕೊಳ್ಳುವವರು, ಉಪ್ಪಿನಕಾಯಿ, ಜೋನಿಬೆಲ್ಲ, ಹಲಸಿನ ಹಪ್ಪಳಗಳನ್ನು ಆನ್‌ಲೈನ್‌ನಲ್ಲಿ ಮಾರುವ ಸ್ವಸಹಾಯ ಸಂಘಗಳು. ಇವರಿಗೆ ತಿಂಗಳಿಡೀ ಆಸನ ಬೇಕಾಗಿಲ್ಲ. ವಾರದಲ್ಲಿ ಎರಡು ಅರ್ಧ ದಿನ ಸಾಕು.

ಗ್ರಾಮದಲ್ಲಿ ತೆರೆಯಬೇಕೇ, ಹೋಬಳಿಯಲ್ಲೇ, ತಾಲ್ಲೂಕು ಕೇಂದ್ರದಲ್ಲೇ?

ಮೊದಲ ಪ್ರಯತ್ನಕ್ಕೆ ತಾಲ್ಲೂಕು ಕೇಂದ್ರವೇ ಸೂಕ್ತ. ರಾಜ್ಯದಲ್ಲಿ ಸುಮಾರು 6,000 ಗ್ರಾಮ ಪಂಚಾಯಿತಿಗಳಿವೆ. ಪ್ರತಿ ಪಂಚಾಯಿತಿಗೂ ಒಂದು ಕೇಂದ್ರ ಎಂಬ ಘೋಷಣೆ ಕೇಳಲು ಚೆನ್ನಾಗಿದ್ದರೂ ಬಾಡಿಗೆ ಕಟ್ಟುವ ಹತ್ತು ಜನ ಒಂದೇ ಪಂಚಾಯಿತಿಯಲ್ಲಿ ಸಿಗುವುದು ಕಷ್ಟ. ತಾಲ್ಲೂಕು ಕೇಂದ್ರಕ್ಕಾದರೆ ಸುತ್ತಲಿನ ಎಲ್ಲ ಹಳ್ಳಿಗಳಿಂದ ಬಸ್ಸು ಬರುತ್ತದೆ, ಉಪನೋಂದಣಿ ಕಚೇರಿ, ಬ್ಯಾಂಕು, ಆಡಿಟರ್ ಕಚೇರಿಗಳು ನಡೆದು ಹೋಗುವಷ್ಟು ದೂರದಲ್ಲಿರುತ್ತವೆ. ಸಂತೆಯ ದಿನ ಜನ ಹೇಗೂ ಪೇಟೆಗೆ ಬರುತ್ತಾರೆ ಮತ್ತು ಅದೇ ದಿನ ಕಚೇರಿ ಕೆಲಸವನ್ನೂ ಮುಗಿಸಿಕೊಳ್ಳಲು ಬಯಸುತ್ತಾರೆ, ಆದ್ದರಿಂದ ಅಂದು ಸಭಾಕೋಣೆಗೆ ಹೆಚ್ಚು ಕೇಳಿಕೆ ಇರುತ್ತದೆ. ದೊಡ್ಡ ಹೋಬಳಿಗಳನ್ನು ಎರಡನೆಯ ಹಂತದಲ್ಲಿ ಯೋಚಿಸಬಹುದು.

ಮನೆಯಿಂದಲೇ ಕೆಲಸ ಮಾಡಿದರೆ ಸಾಲದೇ?

ಒಬ್ಬರೇ ಮಾಡುವ ಕೆಲಸಕ್ಕೆ, ಗ್ರಾಹಕರು ಮನೆಗೆ ಬರಬೇಕಿಲ್ಲದಿದ್ದರೆ, ಸಾಕು. ಅನಗತ್ಯವಾಗಿ ಬಾಡಿಗೆ ಕಟ್ಟಬೇಡಿ. ಕೆಲಸಕ್ಕೆ ಮೊದಲ ಸಹಾಯಕರನ್ನು ನೇಮಿಸಿಕೊಂಡಾಗ, ಚಾಲ್ತಿ ಖಾತೆ ತೆರೆಯಲು ಬ್ಯಾಂಕಿನವರು ಸ್ಥಳ ನೋಡಲು ಬರುತ್ತೇವೆ ಎಂದಾಗ, ಅಥವಾ ತೋಟದ ಮನೆಗೆ ಗ್ರಾಹಕರು ದಾರಿ ಕೇಳುತ್ತಾ ಸುಸ್ತಾದಾಗ ಹೊರಗಿನ ಜಾಗದ ಅಗತ್ಯ ತಾನಾಗಿ ಬರುತ್ತದೆ. ಅಡಿಕೆ ಸುಲಿತದ ತಿಂಗಳುಗಳಲ್ಲಿ ಮನೆಯ ಪ್ರತಿ ಮೂಲೆಯೂ ತುಂಬಿ, ಕೆಲಸದವರ ಮಾತಿನ ನಡುವೆ ಫೋನ್ ಕರೆ ಸ್ವೀಕರಿಸಲಾಗದೆ ಪೇಟೆಗೆ ಬರುವವರೂ ಇದ್ದಾರೆ.

ತೆರೆಯುವ ಮುನ್ನ ಬೇಡಿಕೆಯನ್ನು ತಿಳಿಯುವುದು ಹೇಗೆ?

ವಾಟ್ಸ್ಆ್ಯಪ್ ಗುಂಪಿನಲ್ಲಿ ಸಮೀಕ್ಷೆ ಹಾಕಿದರೆ ಎಲ್ಲರೂ ಬೇಕು ಎನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಊರಿನ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿಗಳಲ್ಲಿ, ಗ್ರಾಮ ಒನ್ ಕೇಂದ್ರದಲ್ಲಿ, ಆಡಿಟರ್ ಕಚೇರಿಯಲ್ಲಿ ವಿಚಾರಿಸಿ. ಹೊಸದಾಗಿ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ), ಜಿಎಸ್‌ಟಿ ನೋಂದಣಿ ಮಾಡಿಸಿಕೊಳ್ಳಲು ಯಾವ ಬಗೆಯ ಜನ ಬರುತ್ತಿದ್ದಾರೆ ಎಂಬುದು ಅವರಿಗೆ ಎಲ್ಲರಿಗಿಂತ ಮೊದಲು ಗೊತ್ತಿರುತ್ತದೆ. ಆಮೇಲೆ ಒಂದು ಕೋಣೆಯನ್ನು ಮಾತ್ರ ಸಜ್ಜುಗೊಳಿಸಿ, ಮೂರು ತಿಂಗಳು ಗಂಟೆಯ ಲೆಕ್ಕದಲ್ಲಿ ಕೊಟ್ಟು ನೋಡಿ. ಮುಂಗಡವಾಗಿ ನೂರು ರೂಪಾಯಿ ಕೊಟ್ಟು ಸಮಯ ಕಾದಿರಿಸಿದ ಐದು ಜನರ ಮಾತಿಗೆ, ಸಮೀಕ್ಷೆಯಲ್ಲಿ ಕೈಯೆತ್ತಿದ ಐವತ್ತು ಜನರ ಮಾತಿಗಿಂತ ಹೆಚ್ಚು ತೂಕವಿದೆ.

ವಿದ್ಯುತ್ ಮತ್ತು ಇಂಟರ್‌ನೆಟ್ ವಿಷಯದಲ್ಲಿ ಏನೇನು ನೋಡಬೇಕು?

ಕಟ್ಟಡದ ಅಂದಕ್ಕಿಂತ ಮೊದಲು ನೋಡಬೇಕಾದದ್ದು ಇದನ್ನೇ. ಆ ಕಟ್ಟಡಕ್ಕೆ ಯಾವ ಫೀಡರ್‌ನಿಂದ, ಅಂದರೆ ಉಪಕೇಂದ್ರದಿಂದ ಹೊರಡುವ ಯಾವ ಮಾರ್ಗದಿಂದ, ವಿದ್ಯುತ್ ಬರುತ್ತದೆ ಎಂದು ಸ್ಥಳೀಯ ಲೈನ್‌ಮ್ಯಾನ್‌ರನ್ನು ಕೇಳಿ. ಕೃಷಿ ಪಂಪ್‌ಸೆಟ್‌ಗಳ ಮಾರ್ಗವನ್ನು ಗೃಹಬಳಕೆಯ ಮಾರ್ಗದಿಂದ ಬೇರ್ಪಡಿಸುವ ನಿರಂತರ ಜ್ಯೋತಿ ಯೋಜನೆ ಜಾರಿಯಾದ ಊರಿನೊಳಗೆ ದಿನವಿಡೀ ವಿದ್ಯುತ್ ಸಿಗಬೇಕು. ಆದರೆ ಊರಾಚೆಯ ತೋಟದ ಕಟ್ಟಡ ಪಂಪ್‌ಸೆಟ್ ಫೀಡರ್‌ನಲ್ಲೇ ಉಳಿದಿದ್ದರೆ ಅಲ್ಲಿ ತ್ರೀ ಫೇಸ್ ಪೂರೈಕೆ ದಿನಕ್ಕೆ ಕೆಲವು ಗಂಟೆ ಮಾತ್ರ.

ಹತ್ತು ಆಸನದ ಕಚೇರಿಯಲ್ಲಿ ಹತ್ತು ಲ್ಯಾಪ್‌ಟಾಪ್‌ಗಳು ಸುಮಾರು 600 ವಾಟ್, ದೀಪ ಮತ್ತು ಫ್ಯಾನುಗಳು 300 ವಾಟ್, ಒಟ್ಟಿನಲ್ಲಿ ಹತ್ತಿರ ಹತ್ತಿರ ಒಂದು ಕಿಲೊವಾಟ್ ಬಳಸುತ್ತವೆ. ಕರೆಂಟು ಹೋದಾಗ ನಾಲ್ಕು ಗಂಟೆ ನಡೆಸಲು ನಾಲ್ಕು ಯೂನಿಟ್ ಬೇಕು. 12 ವೋಲ್ಟ್‌ನ 150 ಎಎಚ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1.8 ಯೂನಿಟ್ ಇದ್ದರೂ ಬ್ಯಾಟರಿ ಕೆಡದಂತೆ ಬಳಸಬಹುದಾದದ್ದು ಅದಕ್ಕಿಂತ ಸಾಕಷ್ಟು ಕಡಿಮೆ, ಆದ್ದರಿಂದ ಅಂಥ ನಾಲ್ಕು ಬ್ಯಾಟರಿಗಳಿಗೆ ಹಣ ತೆಗೆದಿಡಬೇಕು. ರೂಟರ್‌ಗೆ ಮಾತ್ರ ಪ್ರತ್ಯೇಕವಾದ ಸಣ್ಣ ಯುಪಿಎಸ್ ಕೊಡಿ. ದೊಡ್ಡ ಇನ್ವರ್ಟರ್ ಕೈಕೊಟ್ಟರೂ ಲ್ಯಾಪ್‌ಟಾಪ್‌ಗಳು ಸ್ವಂತ ಬ್ಯಾಟರಿಯಲ್ಲಿ ನಡೆಯುತ್ತವೆ, ಸಭೆ ಕಡಿದುಹೋಗುವುದಿಲ್ಲ.

ಇಂಟರ್‌ನೆಟ್‌ಗೆ ಎರಡು ಸಂಪರ್ಕ ಇರಲೇಬೇಕು. 2011ರಲ್ಲಿ ಬೇರೆ ಹೆಸರಿನಲ್ಲಿ ಮಂಜೂರಾಗಿ ಮುಂದೆ ಭಾರತ್‌ನೆಟ್ ಎನಿಸಿಕೊಂಡ ಯೋಜನೆಯ ಫೈಬರ್ ಮುಖ್ಯವಾಗಿ ಗ್ರಾಮ ಪಂಚಾಯಿತಿ ಮಟ್ಟಕ್ಕೆ ಬರುತ್ತದೆ. ಅಲ್ಲಿಂದ ನಿಮ್ಮ ಕಟ್ಟಡಕ್ಕೆ ಎಳೆಯುವವರು ಸ್ಥಳೀಯ ಕೇಬಲ್ ಆಪರೇಟರುಗಳು. ಎರಡು ಬೇರೆ ಕಂಪನಿಗಳ ಫೈಬರ್ ತೆಗೆದುಕೊಂಡೆ ಎಂದು ನೆಮ್ಮದಿಯಾಗಿರುವ ಮೊದಲು ರಸ್ತೆಗಿಳಿದು ತಲೆಯೆತ್ತಿ ನೋಡಿ. ಮಲೆನಾಡಿನ ಎಷ್ಟೋ ಊರುಗಳಲ್ಲಿ ಎರಡೂ ತಂತಿಗಳು ಒಂದೇ ಸಾಲಿನ ವಿದ್ಯುತ್ ಕಂಬಗಳ ಮೇಲೆ ಹಾದುಬರುತ್ತವೆ, ಜೂನ್ ತಿಂಗಳ ಗಾಳಿಗೆ ಒಂದು ಅಕೇಶಿಯಾ ಮರ ಬಿದ್ದರೆ ವಿದ್ಯುತ್ತೂ ಎರಡು ಫೈಬರ್‌ಗಳೂ ಒಟ್ಟಿಗೆ ಹೋಗುತ್ತವೆ. ಅಂಥ ಕಡೆ ಎರಡನೆಯ ಸಂಪರ್ಕ ಮೊಬೈಲ್ ಟವರ್‌ನಿಂದ ಬರುವುದೇ ಲೇಸು. ಏಪ್ರಿಲ್, ಮೇ ತಿಂಗಳ ಸಿಡಿಲಿನ ವಿಷಯವನ್ನೂ ಹೇಳಬೇಕು: ಗಾಜಿನ ಫೈಬರ್ ಸಿಡಿಲಿನ ವಿದ್ಯುತ್ತನ್ನು ಒಯ್ಯುವುದಿಲ್ಲ, ಆದರೆ ಮೋಡೆಮ್‌ನ ಅಡಾಪ್ಟರ್ ಒಯ್ಯುತ್ತದೆ. ಗುಡುಗು ಶುರುವಾದೊಡನೆ ಪ್ಲಗ್ ಕೀಳುವ ಮಲೆನಾಡಿನ ಮನೆಗಳ ಅಭ್ಯಾಸ ಕಚೇರಿಯಲ್ಲಿ ನಡೆಯದು; ಸರಿಯಾದ ಅರ್ಥಿಂಗ್ ಮತ್ತು ಸರ್ಜ್ ರಕ್ಷಕಗಳ ಖರ್ಚನ್ನು ಮೊದಲ ದಿನವೇ ಲೆಕ್ಕಕ್ಕೆ ಸೇರಿಸಬೇಕು.

ಮನೆಯ ಒಂದು ಭಾಗವನ್ನು ಕಚೇರಿಗೆ ಕೊಟ್ಟರೆ ಗೃಹಜ್ಯೋತಿ ತಪ್ಪುತ್ತದೆಯೇ?

2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಗೃಹಬಳಕೆಯ ಸಂಪರ್ಕಕ್ಕೆ ಮಾತ್ರ ಅನ್ವಯಿಸುತ್ತದೆ. ಬಾಡಿಗೆಗೆ ಕೊಡುವ ಭಾಗಕ್ಕೆ ವಾಣಿಜ್ಯ ದರದ ಪ್ರತ್ಯೇಕ ಮೀಟರ್ ಮತ್ತು ಪ್ರತ್ಯೇಕ ಆರ್‌.ಆರ್. ಸಂಖ್ಯೆ ಪಡೆಯುವುದು ಸರಿಯಾದ ಮಾರ್ಗ. ಮನೆಯ ಮೀಟರಿನಿಂದಲೇ ತಂತಿ ಎಳೆದು ಕಚೇರಿ ನಡೆಸಿದರೆ ತಪಾಸಣೆಯ ವೇಳೆ ದಂಡ ಬೀಳಬಹುದು, ಜೊತೆಗೆ ಬಾಡಿಗೆದಾರರು ಕೇಳಿದಾಗ ತೋರಿಸಲು ವಾಣಿಜ್ಯ ಬಿಲ್ ಕೂಡ ಇರುವುದಿಲ್ಲ.

ಹಂಚಿಕೆಯ ಕಚೇರಿಯ ವಿಳಾಸದಲ್ಲಿ ಜಿಎಸ್‌ಟಿ ನೋಂದಣಿ ಸಿಗುತ್ತದೆಯೇ?

ಸಿಗುತ್ತದೆ. ಮೊದಲಿಗೆ ನೋಂದಣಿ ನಿಮಗೆ ಕಡ್ಡಾಯವೇ ಎಂದು ನೋಡಿಕೊಳ್ಳಿ: ಕರ್ನಾಟಕದಲ್ಲಿ ಸಾಮಾನ್ಯವಾಗಿ ಸೇವೆಗಳಿಗೆ ವಾರ್ಷಿಕ 20 ಲಕ್ಷ ರೂಪಾಯಿ, ಸರಕಿನ ಮಾರಾಟಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ಅದು ಬೇಕಿಲ್ಲ, ಆದರೆ ಹೊರರಾಜ್ಯಕ್ಕೆ ಸರಕು ಮಾರುವವರಿಗೆ ಹಾಗೂ ಇನ್ನು ಕೆಲವರಿಗೆ ಈ ಮಿತಿ ಅನ್ವಯವಾಗದು. ಬಾಡಿಗೆ ಜಾಗಕ್ಕೆ ಕರಾರುಪತ್ರದ ಜೊತೆ ಮಾಲೀಕರ ವಿದ್ಯುತ್ ಬಿಲ್, ಆಸ್ತಿ ತೆರಿಗೆ ರಸೀದಿ ಅಥವಾ ಖಾತಾ ನಕಲು, ಇವುಗಳಲ್ಲಿ ಯಾವುದಾದರೂ ಒಂದು ದಾಖಲೆ ಸಾಕು. ಕರಾರು ನೋಂದಣಿಯಾಗಿಲ್ಲದಿದ್ದರೆ ಮಾಲೀಕರ ಗುರುತಿನ ದಾಖಲೆಯನ್ನೂ ಕೇಳುತ್ತಾರೆ. ಅನಗತ್ಯ ದಾಖಲೆಗಳನ್ನು ಕೇಳಬಾರದೆಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2025ರ ಏಪ್ರಿಲ್‌ನಲ್ಲಿ ತನ್ನ ಅಧಿಕಾರಿಗಳಿಗೆ ಸೂಚನೆ ನೀಡಿದೆ.

ತೊಂದರೆ ಬರುವುದು ಸ್ಥಳ ಪರಿಶೀಲನೆಯಲ್ಲಿ. ಅಧಿಕಾರಿ ಬಂದಾಗ ಅಲ್ಲಿ ನಿಮ್ಮ ಹೆಸರಿನ ಫಲಕವಿಲ್ಲದಿದ್ದರೆ, ನಿಮ್ಮನ್ನು ಬಲ್ಲವರೇ ಯಾರೂ ಸಿಗದಿದ್ದರೆ, ಅರ್ಜಿ ತಿರಸ್ಕೃತವಾಗಬಹುದು. ಕಾಗದದ ಮೇಲೆ ಮಾತ್ರ ಇರುವ ವಿಳಾಸವನ್ನು ಮಾರುವುದೂ ಕೊಳ್ಳುವುದೂ ಬೇಡ. ವಾರಕ್ಕೆ ಒಂದು ದಿನವಾದರೂ ಕುಳಿತು ಕೆಲಸ ಮಾಡುವ ಹಕ್ಕು, ಪತ್ರ ಸ್ವೀಕರಿಸುವ ಸಿಬ್ಬಂದಿ, ಗೋಡೆಯ ಮೇಲೆ ಫಲಕ, ಈ ಮೂರೂ ಇರಲಿ. ನೋಂದಣಿಯಾದ ಮೇಲೆ ಪ್ರಮಾಣಪತ್ರವನ್ನು ಕಾಣುವಂತೆ ಹಾಕಬೇಕು, ಫಲಕದಲ್ಲಿ ಜಿಎಸ್‌ಟಿ ಸಂಖ್ಯೆ ಇರಬೇಕು. ಪ್ರೈವೇಟ್ ಲಿಮಿಟೆಡ್ ಕಂಪನಿಯಾದರೆ ಸ್ಥಾಪನೆಯಾದ 30 ದಿನಗಳೊಳಗೆ ಪತ್ರ ಸ್ವೀಕರಿಸಬಲ್ಲ ನೋಂದಾಯಿತ ಕಚೇರಿ ಇರಬೇಕು, ಅದರ ಹೊರಗಿನ ಫಲಕ ಸ್ಥಳೀಯ ಲಿಪಿಯಲ್ಲೂ ಇರಬೇಕು ಎಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ರಾಜ್ಯದ 2024ರ ತಿದ್ದುಪಡಿ ಕಾಯ್ದೆಯಂತೆ ವಾಣಿಜ್ಯ ಸಂಸ್ಥೆಗಳ ಫಲಕದಲ್ಲಿ ಶೇ 60ರಷ್ಟು ಕನ್ನಡ ಕಡ್ಡಾಯ. ಇಪ್ಪತ್ತು ಹೆಸರುಗಳಿಗೆ ಜಾಗವಿರುವ ಒಂದೇ ದೊಡ್ಡ ಫಲಕವನ್ನು ಮಾಲೀಕರೇ ಮಾಡಿಸಿ ಹಾಕಿದರೆ ಎಲ್ಲರಿಗೂ ಸಲೀಸು.

ಕರಾರು 11 ತಿಂಗಳಿಗೇ ಏಕೆ?

ಒಂದು ವರ್ಷ ಮೀರಿದ ಗೇಣಿ ಅಥವಾ ಬಾಡಿಗೆ ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕೆಂದು 1908ರ ನೋಂದಣಿ ಕಾಯ್ದೆ ವಿಧಿಸುತ್ತದೆ, ಅದನ್ನು ತಪ್ಪಿಸಲು ಈ ರೂಢಿ. ಹಂಚಿಕೆಯ ಕಚೇರಿಯಲ್ಲಿ ಬಾಡಿಗೆ ಕರಾರಿಗಿಂತ ಬಳಕೆಯ ಪರವಾನಗಿ ಪತ್ರವೇ ಸರಳ. ಕಟ್ಟಡದ ಮಾಲೀಕರು ಬೇರೆ, ನಡೆಸುವವರು ಬೇರೆ ಆಗಿದ್ದಲ್ಲಿ ಒಳಬಾಡಿಗೆಗೆ ಕೊಡಲು ಮಾಲೀಕರ ಲಿಖಿತ ಒಪ್ಪಿಗೆ ಇರುವುದನ್ನು ಬಳಕೆದಾರರು ಕೇಳಿ ಪಡೆದುಕೊಳ್ಳಬೇಕು.

ದರ ಎಷ್ಟಿರಬೇಕು?

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಪೇಟೆಯಲ್ಲಿ ಮೊದಲ ಮಹಡಿಯ ಹತ್ತು ಆಸನದ ಹಾಲ್‌ಗೆ ತಿಂಗಳ ಬಾಡಿಗೆ 9,000, ನೋಡಿಕೊಳ್ಳುವ ಒಬ್ಬರ ಸಂಬಳ 12,000, ವಿದ್ಯುತ್ 4,000, ಎರಡು ಇಂಟರ್‌ನೆಟ್ ಸಂಪರ್ಕ 2,500, ಸ್ವಚ್ಛತೆ ಮತ್ತಿತರ ಖರ್ಚು 2,500 ಎಂದಿಟ್ಟುಕೊಂಡರೆ ಒಟ್ಟು 30,000 ರೂಪಾಯಿ. ಆಸನಕ್ಕೆ 2,500ರಂತೆ ಹತ್ತೂ ಭರ್ತಿಯಾದರೂ ಬರುವುದು 25,000. ಆಸನವನ್ನಷ್ಟೇ ನಂಬಿದರೆ ಪೂರ್ಣ ತುಂಬಿದ ಕಚೇರಿಯೂ ನಷ್ಟದಲ್ಲೇ ನಡೆಯುತ್ತದೆ.

ಅದೇ ಜಾಗದಲ್ಲಿ ಆರು ಆಸನ ಮಾತ್ರ ತಿಂಗಳ ಲೆಕ್ಕದಲ್ಲಿ ಹೋಗಿ 15,000, ಸಭಾಕೋಣೆ ಗಂಟೆಗೆ 150ರಂತೆ 40 ಗಂಟೆಗೆ 6,000, ವಾರಕ್ಕೊಂದು ದಿನದ ಬಳಕೆಯೊಂದಿಗೆ ವಿಳಾಸ ಪಡೆದ ಎಂಟು ಜನರಿಂದ 500ರಂತೆ 4,000, ತಿಂಗಳಲ್ಲಿ ನಾಲ್ಕು ದಿನ ತರಬೇತಿಗೆ ಹಾಲ್ ಕೊಟ್ಟು 6,000 ಬಂದರೆ ಒಟ್ಟು 31,000 ಆಗುತ್ತದೆ. ನಿಮ್ಮ ಊರಿನ ಅಂಕಿಗಳು ಬೇರೆ ಇರುತ್ತವೆ, ಆದರೆ ಬಿಡಿ ಗಂಟೆಗಳು ಮತ್ತು ವಿಳಾಸದ ಆದಾಯವಿಲ್ಲದೆ ತಾಲ್ಲೂಕು ಊರಿನಲ್ಲಿ ಈ ವ್ಯವಹಾರ ನಿಲ್ಲುವುದು ಕಷ್ಟ. ಬೀನ್ ಬ್ಯಾಗ್, ಗೋಡೆಚಿತ್ರ, ಕಾಫಿ ಯಂತ್ರಗಳಿಗೆ ಮೊದಲ ವರ್ಷ ಹಣ ಸುರಿಯುವುದನ್ನು ಬಿಟ್ಟುಬಿಡಿ. ಎದುರಿನ ಹೋಟೆಲಿನಿಂದ ಫ್ಲಾಸ್ಕಿನಲ್ಲಿ ಚಹಾ ತರಿಸಿದರಾಯಿತು.

ಕಚೇರಿಯ ಬಾಡಿಗೆಗೆ ಶೇ 18ರ ಜಿಎಸ್‌ಟಿ ಇದೆ, ಆದರೆ ನಡೆಸುವವರ ವಹಿವಾಟು 20 ಲಕ್ಷದೊಳಗಿದ್ದು ನೋಂದಣಿ ಇಲ್ಲದಿದ್ದರೆ ಅವರು ಅದನ್ನು ವಿಧಿಸುವಂತಿಲ್ಲ. ಹಾಗಿದ್ದಾಗ, ಬಾಡಿಗೆ ಕಟ್ಟುವವರಿಗೆ ನೋಂದಣಿ ಇದ್ದರೆ 2024ರ ಅಕ್ಟೋಬರ್ 10ರಿಂದ ಆ ತೆರಿಗೆಯನ್ನು ಕಟ್ಟುವ ಹೊಣೆ ಅವರ ಮೇಲೆ ಬರುತ್ತದೆ. ರಾಜಿ ತೆರಿಗೆ (ಕಾಂಪೋಸಿಷನ್) ಪದ್ಧತಿಯಲ್ಲಿರುವವರಿಗೆ ಇದರಿಂದ ವಿನಾಯಿತಿ ಸಿಕ್ಕಿದೆ.

ಆಹಾರ ಪದಾರ್ಥ ತಯಾರಿಸುವವರಿಗೂ ಇದು ಉಪಯೋಗವೇ?

ಮೇಜಿನ ಕೆಲಸದಷ್ಟೇ, ಕೆಲವು ಊರುಗಳಲ್ಲಿ ಅದಕ್ಕಿಂತ ಹೆಚ್ಚಾಗಿ, ಹಂಚಿಕೆಯ ಯಂತ್ರಗಳಿಗೆ ಬೇಡಿಕೆ ಇದೆ. ಹಪ್ಪಳ ಒಣಗಿಸುವ ಡ್ರೈಯರ್, ಪ್ಯಾಕೆಟ್ ಸೀಲ್ ಮಾಡುವ ಯಂತ್ರ, ಲೇಬಲ್ ಮುದ್ರಕ, ತೂಕದ ಯಂತ್ರ ಇವುಗಳನ್ನು ಪ್ರತಿ ಸಂಘವೂ ಕೊಳ್ಳಬೇಕಾಗಿಲ್ಲ. ಆದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಪರವಾನಗಿ ತಯಾರಿಸುವ ಸ್ಥಳಕ್ಕೆ ಸಂಬಂಧಿಸಿದ್ದು. ಮನೆಯ ವಿಳಾಸದಲ್ಲಿ ನೋಂದಣಿ ಇಟ್ಟುಕೊಂಡು ಬೇರೆಡೆ ಪ್ಯಾಕ್ ಮಾಡಿದರೆ ಲೇಬಲ್‌ನಲ್ಲಿನ ವಿವರ ತಪ್ಪಾಗುತ್ತದೆ. ಇಂಥ ಘಟಕವನ್ನು ಕಚೇರಿಯಿಂದ ಪ್ರತ್ಯೇಕ ಕೋಣೆಯಲ್ಲಿ, ತೊಳೆಯಲು ಬರುವ ನೆಲ ಮತ್ತು ಪ್ರತ್ಯೇಕ ನೀರಿನ ವ್ಯವಸ್ಥೆಯೊಂದಿಗೆ ಮಾಡಬೇಕು.

ಸರ್ಕಾರದ ಸಹಾಯಧನ ಸಿಗುತ್ತದೆಯೇ?

ಬಳಸುವ ಉದ್ಯಮಿಗೆ ಸಿಗುವ ಸಾಧ್ಯತೆ ಹೆಚ್ಚು. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದ 2022ರ ಪರಿಷ್ಕೃತ ಮಾರ್ಗಸೂಚಿಯಂತೆ ಸೇವಾ ಘಟಕಕ್ಕೆ 20 ಲಕ್ಷ, ತಯಾರಿಕಾ ಘಟಕಕ್ಕೆ 50 ಲಕ್ಷ ರೂಪಾಯಿವರೆಗಿನ ಯೋಜನಾ ವೆಚ್ಚದ ಮೇಲೆ ಸಹಾಯಧನವಿದ್ದು, ಗ್ರಾಮೀಣ ಪ್ರದೇಶದಲ್ಲಿ ಸಾಮಾನ್ಯ ವರ್ಗಕ್ಕೆ ಶೇ 25, ವಿಶೇಷ ವರ್ಗಕ್ಕೆ (ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು ಮುಂತಾದವರಿಗೆ) ಶೇ 35, ನಗರ ಪ್ರದೇಶದಲ್ಲಿ ಕ್ರಮವಾಗಿ ಶೇ 15 ಮತ್ತು 25. ಇಲ್ಲಿ ಒಂದು ಸೂಕ್ಷ್ಮವಿದೆ: ಪುರಸಭೆಯ ಗಡಿಯೊಳಗಿನ ವಿಳಾಸ ಹಾಕಿದರೆ ನಗರದ ದರಕ್ಕೆ ಇಳಿಯಬೇಕಾಗಬಹುದು, ಗಡಿಯಾಚೆಯ ಗ್ರಾಮ ಪಂಚಾಯಿತಿಯಲ್ಲಿದ್ದರೆ ಗ್ರಾಮೀಣ ದರ ಸಿಗುತ್ತದೆ. ಜಾಗ ಆರಿಸುವ ಮೊದಲೇ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಇದನ್ನು ಖಚಿತಪಡಿಸಿಕೊಳ್ಳಿ. ಭೂಮಿಯ ಬೆಲೆ ಯೋಜನಾ ವೆಚ್ಚದಲ್ಲಿ ಸೇರುವುದಿಲ್ಲ, ಆದರೆ ಕೆಲಸದ ಶೆಡ್ಡಿನ ಬಾಡಿಗೆಯನ್ನು ಗರಿಷ್ಠ 3 ವರ್ಷದ ಮಟ್ಟಿಗೆ ಸೇರಿಸಬಹುದು.

ಆಹಾರ ಸಂಸ್ಕರಣೆಗೆ 2020ರಲ್ಲಿ ಆರಂಭವಾದ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೇಂದ್ರದ ಶೇ 35ಕ್ಕೆ ಕರ್ನಾಟಕ ಸರ್ಕಾರ ಶೇ 15 ಸೇರಿಸಿ, ಒಟ್ಟು ಶೇ 50ರಂತೆ ಗರಿಷ್ಠ 15 ಲಕ್ಷ ರೂಪಾಯಿವರೆಗೆ ನೀಡುತ್ತಾ ಬಂದಿದೆ. ಹಲವರು ಬಳಸುವ ಸಾಮಾನ್ಯ ಸೌಲಭ್ಯಕ್ಕೂ ಅದರಲ್ಲಿ ಅವಕಾಶವಿದೆ. ಸಹಾಯಧನ ಬರುತ್ತದೆಂಬ ಭರವಸೆಯಲ್ಲಿ ಮಾತ್ರ ಕೇಂದ್ರ ತೆರೆಯಬೇಡಿ. ಸಹಾಯಧನವಿಲ್ಲದೆ ಲೆಕ್ಕ ಕೂಡದಿದ್ದರೆ ಅದು ಬಂದ ಮೇಲೂ ಕೂಡುವುದಿಲ್ಲ.

ಹೊಸ ಕಟ್ಟಡ ಕಟ್ಟುವುದು ಒಳ್ಳೆಯದೇ?

ಬೇಡ. ತಾಲ್ಲೂಕು ಊರುಗಳಲ್ಲಿ ಸಹಕಾರ ಸಂಘಗಳ ಮೇಲ್ಮಹಡಿಗಳು, ಮುಚ್ಚಿದ ಶಾಲೆಗಳು, ಎಪಿಎಂಸಿ ಪ್ರಾಂಗಣದ ಮಳಿಗೆಗಳು ಖಾಲಿ ಬಿದ್ದಿರುವುದನ್ನು ಯಾರಾದರೂ ನೋಡಬಹುದು. ಸಂಘದ ಕಟ್ಟಡವಾದರೆ ಆಡಳಿತ ಮಂಡಳಿಯ ನಿರ್ಣಯ, ಸರ್ಕಾರಿ ಕಟ್ಟಡವಾದರೆ ಇಲಾಖೆಯ ಅನುಮತಿ ಬೇಕು. ಮಂಡಳಿ ಬದಲಾದರೂ ಮುಂದುವರಿಯುವಂತೆ ಕರಾರು ಬರೆಸಿಕೊಳ್ಳಿ. ಸ್ವಂತ ಕೃಷಿ ಜಮೀನಿನಲ್ಲಿ ಕಟ್ಟಲೇಬೇಕೆಂದಿದ್ದರೆ ಭೂ ಪರಿವರ್ತನೆ ಆದೇಶ, ನಂತರ ಪಂಚಾಯಿತಿಯಿಂದ ಇ-ಸ್ವತ್ತು ದಾಖಲೆ, ಕಟ್ಟಡ ಪರವಾನಗಿ, ಇಷ್ಟೆಲ್ಲ ಮುಗಿಯುವುದರೊಳಗೆ ನಿಮ್ಮನ್ನು ಕಾಯುತ್ತಿದ್ದ ಗ್ರಾಹಕರು ಬೇರೆ ದಾರಿ ನೋಡಿಕೊಂಡಿರುತ್ತಾರೆ.

ಮಹಿಳಾ ಉದ್ಯಮಿಗಳು ಬರುವಂತೆ ಮಾಡಲು ಏನು ಬೇಕು?

ಬಸ್ ನಿಲ್ದಾಣಕ್ಕೆ ಹತ್ತಿರದ ಜಾಗ, ಸ್ವಚ್ಛ ಶೌಚಾಲಯ, ಕೊನೆಯ ಬಸ್ಸಿಗೆ ಸರಿಹೊಂದುವ ಸಮಯ, ಮಗುವನ್ನು ಜೊತೆಗೆ ಕರೆತಂದರೆ ಮುಖ ಸಿಂಡರಿಸದ ಸಿಬ್ಬಂದಿ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸುಗಳು ಓಡಾಡುವ ಮಾರ್ಗಗಳಲ್ಲಿ ಮಹಿಳೆಯರಿಗೆ ತಾಲ್ಲೂಕು ಕೇಂದ್ರಕ್ಕೆ ಬಂದು ಹೋಗುವ ಖರ್ಚೇ ಇಲ್ಲವಾಗಿದೆ, ಹಾಗಾಗಿ ಅರ್ಧ ದಿನದ ಬಳಕೆ ಅವರಿಗೆ ಕೈಗೆಟಕುತ್ತದೆ. ಖಾಸಗಿ ಬಸ್ಸುಗಳೇ ಹೆಚ್ಚಿರುವ ದಕ್ಷಿಣ ಕನ್ನಡ ಮತ್ತು ಉಡುಪಿಯ ಹಲವು ಮಾರ್ಗಗಳಲ್ಲಿ ಈ ಲೆಕ್ಕ ಹಿಡಿಯುವುದಿಲ್ಲ, ಅಲ್ಲಿ ದರದಲ್ಲಿ ರಿಯಾಯಿತಿ ಕೊಡಬೇಕಾದೀತು.

ಬೇರೆ ಕಡೆಯ ಅನುಭವ ಏನು ಹೇಳುತ್ತದೆ?

ಬೇರೆ ಕಂಪನಿಗಳ ಕಚೇರಿ ಕೆಲಸವನ್ನು ಹಳ್ಳಿಗಳಲ್ಲಿ ಮಾಡಿಕೊಡುವ ಗ್ರಾಮೀಣ ಬಿಪಿಒ ಕಂಪನಿ ರೂರಲ್‌ಶೋರ್ಸ್ ತನ್ನ ಮೊದಲ ಕೇಂದ್ರವನ್ನು ಬಾಗೇಪಲ್ಲಿಯಲ್ಲಿ ತೆರೆಯಿತು. ಸಾಫ್ಟ್‌ವೇರ್ ಕಂಪನಿ ಜೊಹೊ 2011ರಿಂದ ತಮಿಳುನಾಡಿನ ತೆಂಕಾಶಿ ಬಳಿ ಕಚೇರಿ ನಡೆಸುತ್ತಿದೆ. ಇವು ಒಂದೇ ಉದ್ಯೋಗದಾತರ ಕಚೇರಿಗಳು. ಸಣ್ಣ ಊರಿನಿಂದ ಗುಣಮಟ್ಟದ ಕೆಲಸ ಸಾಧ್ಯ ಎಂಬುದನ್ನು ಅವು ತೋರಿಸಿದವು, ಹಲವು ಸಣ್ಣ ಉದ್ಯಮಗಳು ಬಾಡಿಗೆ ಹಂಚಿಕೊಂಡು ಬದುಕಬಹುದೇ ಎಂಬ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಆ ಪ್ರಶ್ನೆಗೆ ಹತ್ತಿರದ ಉದಾಹರಣೆ ಐರ್ಲೆಂಡ್. ಅಲ್ಲಿ ಸಣ್ಣ ಪಟ್ಟಣಗಳ ಇಂಥ ಕೇಂದ್ರಗಳನ್ನು 2021ರಲ್ಲಿ ಒಂದೇ ರಾಷ್ಟ್ರೀಯ ಜಾಲಕ್ಕೆ ಸೇರಿಸಿ, ಯಾವ ಊರಿನ ಆಸನವನ್ನಾದರೂ ಒಂದೇ ಕಡೆ ಕಾದಿರಿಸುವ ವ್ಯವಸ್ಥೆ ಮಾಡಿದರು. ಸಾಗರ, ಶಿರಸಿ, ಸಿದ್ದಾಪುರದಂಥ ನೆರೆಹೊರೆಯ ಊರುಗಳು ಒಂದೇ ಪಾಸ್ ಮಾಡಿಕೊಂಡರೆ ಊರೂರು ಸುತ್ತುವ ಉದ್ಯಮಿಗೆ ಮೂರು ಕಡೆಯೂ ಜಾಗ ಸಿಕ್ಕೀತು.

ಎಷ್ಟು ಕಾಲ ಕಾದು ನೋಡಬೇಕು?

ಕನಿಷ್ಠ ಒಂದು ಪೂರ್ಣ ವರ್ಷ, ಏಕೆಂದರೆ ಮಳೆಗಾಲ, ಕೊಯ್ಲು, ಜಾತ್ರೆ, ಮಾರ್ಚ್ ತಿಂಗಳ ಲೆಕ್ಕಪತ್ರದ ಅವಸರ ಇವೆಲ್ಲ ಬಳಕೆಯನ್ನು ಏರಿಸಿ ಇಳಿಸುತ್ತವೆ. ಅಡಿಕೆ ಸೀಮೆಯಲ್ಲಿ ಕೊಯ್ಲಿನ ಸಮಯಕ್ಕೆ ಅರ್ಧ ಖಾಲಿಯಾದ ಕಚೇರಿ ಫೆಬ್ರವರಿಯ ನಂತರ ತುಂಬಬಹುದು. ವರ್ಷದ ಕೊನೆಗೆ ಪುಸ್ತಕ ತೆರೆದು, ಬಿಡಿ ಗಂಟೆಗಳ ಗ್ರಾಹಕರಲ್ಲಿ ಎಷ್ಟು ಜನ ಮರಳಿ ಬಂದಿದ್ದಾರೆ ಎಂದು ನೋಡಿ. ಮರಳಿ ಬರುವವರಿದ್ದೂ ಹಣ ಸಾಲದಿದ್ದರೆ ದರ ಅಥವಾ ಖರ್ಚನ್ನು ಸರಿಪಡಿಸಿ ಇನ್ನೊಂದು ವರ್ಷ ನಡೆಸಬಹುದು. ಪ್ರತಿ ತಿಂಗಳೂ ಹೊಸಬರೇ ಬಂದು ಒಮ್ಮೆ ಬಂದವರು ಮತ್ತೆ ಬಾರದಿದ್ದರೆ, ಕರಾರಿನ ಅವಧಿ ಮುಗಿಯುವ ಎರಡು ತಿಂಗಳ ಮೊದಲೇ ಮಾಲೀಕರಿಗೂ ಆ ವಿಳಾಸದಲ್ಲಿ ನೋಂದಣಿ ಪಡೆದವರಿಗೂ ಬರವಣಿಗೆಯಲ್ಲಿ ತಿಳಿಸಿ, ಅವರು ತಮ್ಮ ಜಿಎಸ್‌ಟಿ ಮತ್ತು ಬ್ಯಾಂಕ್ ದಾಖಲೆಗಳಲ್ಲಿ ವಿಳಾಸ ಬದಲಾಯಿಸಿಕೊಳ್ಳಲು ಸಮಯ ಕೊಟ್ಟು ಮುಚ್ಚಬೇಕು.